ತಂತಿಯೊಳಗಣ ಶ್ರುತಿ

ಹಾಸನದಲ್ಲಿ ಆಷಾಢದ ಜಡಿಮಳೆ ಹಿಡಿದಿದ್ದ ಒಂದು ಸಂಜೆ, ದೀಪ ಹಚ್ಚಿದ ಮೇಲೆ ನಿತ್ಯದ ವಾಡಿಕೆಯಂತೆ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ರುದ್ರಪಟ್ಟಣದ ಪರಂಪರೆಗೆ ಸೇರಿದ ವಿದ್ವಾಂಸರೊಬ್ಬರ ಕಚೇರಿಯ ಧ್ವನಿಮುದ್ರಣವನ್ನು ಕೇಳಲು ಕುಳಿತ ನನಗೆ ವಿಚಿತ್ರವಾದ ಅನುಭವವೊಂದಾಯಿತು. ಪಿಟೀಲಿನ ನಾದವು ಬಾವಿಯ ತಳದಿಂದೆದ್ದು ಬರುವಂತೆ ಕೇಳುತ್ತಿತ್ತು. ಮೃದಂಗದ ಚಾಪು ಗೋಡೆಯಾಚೆಯ ಮನೆಯಲ್ಲಿ ನುಡಿದಂತಿತ್ತು. ಸಭಿಕರ ಚಪ್ಪಾಳೆಯೂ, ಸಭಾಂಗಣದ ಮಾರ್ದನಿಯೂ ಹಿಂದೆಂದಿಗಿಂತ ಸ್ಪಷ್ಟವಾಗಿದ್ದವು. ಆದರೆ ಹಾಡುತ್ತಿದ್ದ ವಿದ್ವಾಂಸರು ಮಾತ್ರ ಪಕ್ಕವಾದ್ಯದವರನ್ನೆಲ್ಲ ವೇದಿಕೆಯ ಮೇಲೆಯೇ ಬಿಟ್ಟು ಎದ್ದುಹೋದಂತೆ, ಅವರ ಕಂಠದ ಲೇಶವೂ ಕೇಳದಂತಾಗಿತ್ತು. ಮುದ್ರಣವೇ ಕೆಟ್ಟಿತೋ, ಈ ವಯಸ್ಸಿನಲ್ಲಿ ನನ್ನ ಕಿವಿಯೇ ಕೆಟ್ಟಿತೋ ಎಂದು ಗಾಬರಿಯಾಗಿ, ಫೋನಿಗೆ ಸಿಕ್ಕಿಸಿದ್ದ ಪಿನ್ನಿನ ಬುಡವನ್ನು ಬೆರಳಿಂದ ಒತ್ತಿದೆ. ಒತ್ತಿದೊಡನೆ ವಿದ್ವಾಂಸರು ನಡುವೇದಿಕೆಗೆ ಮರಳಿ ಬಂದು, ಪಲ್ಲವಿಯನ್ನು ಎಲ್ಲಿಗೆ ತಂದಿದ್ದರೋ ಅಲ್ಲಿಂದಲೇ ಮುಂದುವರಿಸಿದರು. ಬೆರಳು ತೆಗೆದೊಡನೆ ಪುನಃ ಮಾಯವಾದರು.

ಹೀಗೆ ಗಾಯಕನನ್ನು ಮಾತ್ರ ಆರಿಸಿ ಒಯ್ಯುವ ದೋಷ ಯಾವುದಿರಬಹುದೆಂಬ ಕುತೂಹಲವೇ, ಎಪ್ಪತ್ತರ ಸಮೀಪದಲ್ಲಿರುವ ನನ್ನನ್ನು ಬೆಸುಗೆಯ ಕಡ್ಡಿ ಹಿಡಿಯುವಂತೆ ಮಾಡಿತು. ಆ ಕುತೂಹಲದ ಫಲವಾಗಿ ತಿಳಿದುಬಂದ ನಾಲ್ಕು ಸಂಗತಿಗಳನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಮೂರನೆಯ ತಂತಿ

ಹೆಡ್‌ಫೋನಿನ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದರೆ, ಮೂರೂವರೆ ಮಿಲಿಮೀಟರ್ ದಪ್ಪದ ಆ ಲೋಹದ ಕಡ್ಡಿಯ ಮೇಲೆ ಎರಡು ಕಪ್ಪು ಉಂಗುರಗಳು ಕಾಣುತ್ತವೆ. ಆ ಉಂಗುರಗಳು ವಿದ್ಯುತ್ತನ್ನು ಹರಿಯಗೊಡದ ಪ್ಲಾಸ್ಟಿಕ್ಕಿನವು. ಅವು ಕಡ್ಡಿಯನ್ನು ಮೂರು ಭಾಗಗಳಾಗಿ ವಿಭಾಗಿಸುತ್ತವೆ. ತುದಿಯ ಭಾಗ ಎಡಗಿವಿಗೆ, ನಡುವಣ ಬಳೆ ಬಲಗಿವಿಗೆ, ಬುಡದ ಭಾಗ ಎರಡಕ್ಕೂ ಸಾಮಾನ್ಯ. ಮಾತನಾಡುವ ಮೈಕು ಕೂಡ ಇರುವ ಇಯರ್‌ಫೋನಿನಲ್ಲಿ ಉಂಗುರಗಳು ಮೂರು, ಭಾಗಗಳು ನಾಲ್ಕು. ಒಳಗಣ ತಂತಿಗಳೂ ಇದೇ ಲೆಕ್ಕದವು: ಬಹುತೇಕ ಕೆಂಪು ಬಣ್ಣದ್ದು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಸಹಜವರ್ಣದ್ದು ಸಾಮಾನ್ಯಕ್ಕೆ.

ಈ ಮೂರನೆಯ ತಂತಿಗೆ ತನ್ನದೆಂಬ ಸ್ವರವಿಲ್ಲ. ಎಡದ ಧ್ವನಿಯೂ ಬಲದ ಧ್ವನಿಯೂ ತಮ್ಮ ತಮ್ಮ ಕಿವಿಗಳಲ್ಲಿ ನುಡಿದಾದ ಮೇಲೆ ಹಿಂದಿರುಗುವ ದಾರಿ ಅದು. ಈ ಹಿಂದಾರಿ ಕಡಿದುಹೋದಾಗ, ಎಡದಿಂದ ಹೊರಟ ವಿದ್ಯುತ್ತಿಗೆ ಬಲಗಿವಿಯ ಮೂಲಕವಾಗಿ ಹಾದು ಬಲದ ತಂತಿಯನ್ನು ಸೇರುವುದರ ಹೊರತು ಗತ್ಯಂತರವಿಲ್ಲ. ಆಗ, ಕಾಲುವೆಯ ಎರಡು ತುದಿಗಳಿಂದಲೂ ಸಮಬಲದಿಂದ ನೂಕಿದ ನೀರು ನಿಂತಲ್ಲೇ ನಿಲ್ಲುವಂತೆ, ಎರಡು ಪಾರ್ಶ್ವಗಳಲ್ಲಿಯೂ ಸಮನಾಗಿರುವ ಧ್ವನಿ ಹರಿಯದೆ ಇಲ್ಲವಾಗುತ್ತದೆ. ಎಡಬಲಗಳ ನಡುವಣ ವ್ಯತ್ಯಾಸ ಮಾತ್ರ ಕಿವಿಗೆ ಮುಟ್ಟುತ್ತದೆ. ಕಚೇರಿಯ ಮುದ್ರಣದಲ್ಲಿ ಗಾಯಕ ನಡುವೆ ಕುಳಿತಿರುವುದರಿಂದ ಆತನ ಕಂಠ ಎರಡು ಕಡೆಗೂ ಸಮನಾಗಿ ಹಂಚಿರುತ್ತದೆ. ಪಿಟೀಲು ಒಂದು ಪಕ್ಕಕ್ಕೂ ಮೃದಂಗ ಇನ್ನೊಂದು ಪಕ್ಕಕ್ಕೂ ವಾಲಿರುತ್ತವೆ. ಆದುದರಿಂದಲೇ ಪಕ್ಕವಾದ್ಯಗಳು ಉಳಿದವು, ವಿದ್ವಾಂಸರು ಹೋದರು.

ಈ ಕಾರಣವನ್ನು ಅರಿತಾಗ ನನಗೆ ಮೊದಲು ನೆನಪಾದುದು ತಂಬೂರಿ. ಅದು ರಾಗವನ್ನು ಹಾಡುವುದಿಲ್ಲ, ತಾಳವನ್ನು ಹಾಕುವುದಿಲ್ಲ. ಕೇಳುವವರು ಅದನ್ನು ಬೇರೆಯಾಗಿ ಕೇಳುವುದೂ ಇಲ್ಲ. ಆದರೂ ಹಾಡುವವರೂ ನುಡಿಸುವವರೂ ಹಿಂದಿರುಗಿ ಸೇರುವ ನೆಲೆ ಅದೇ. ಅರಕಲಗೂಡು ತಾಲ್ಲೂಕಿನ ಕಾವೇರಿಯ ದಡದಲ್ಲಿರುವ ರುದ್ರಪಟ್ಟಣದಲ್ಲಿ ವಿದ್ವಾನ್ ಆರ್. ಕೆ. ಪದ್ಮನಾಭರು ತಂಬೂರಿಯ ಆಕಾರದಲ್ಲಿಯೇ ಸಪ್ತಸ್ವರ ದೇವತೆಗಳ ಧ್ಯಾನಮಂದಿರವನ್ನು ಕಟ್ಟಿಸಿರುವುದನ್ನು ಕಂಡವರಿಗೆ, ಆಧಾರಶ್ರುತಿಗೆ ನಮ್ಮ ಸೀಮೆ ಎಂತಹ ಸ್ಥಾನವನ್ನು ಕೊಟ್ಟಿದೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹೆಡ್‌ಫೋನಿನ ಆ ಅನಾಮಧೇಯವಾದ ಮೂರನೆಯ ತಂತಿ ನನ್ನ ಪಾಲಿಗೆ ಅಂದಿನಿಂದ ಶ್ರುತಿಯ ತಂತಿಯೇ ಆಗಿದೆ.

ಬೆರಳುದ್ದದ ದೋಷ

ಮರುದಿನ ಬಸ್ ನಿಲ್ದಾಣದ ಬಳಿಯ ಅಂಗಡಿಯೊಂದಕ್ಕೆ ಹೋಗಿ ಹೆಡ್‌ಫೋನನ್ನು ತೋರಿಸಿದೆ. ಅಲ್ಲಿದ್ದ ತರುಣ ಒಮ್ಮೆ ತಿರುಗಿಸಿ ನೋಡಿ, "ಸಾರ್, ಇದಕ್ಕೆ ಪಿನ್ ಹಾಕ್ಕೊಂಡು ಕೂತ್ರೆ ನಮಗೆ ಗಿಟ್ಟಲ್ಲ, ಹೊಸದೇ ತಗೊಂಡ್ಬಿಡಿ" ಎಂದ. "ಕೆಟ್ಟಿರೋದು ಇಲ್ಲೊಂದು ಬೆರಳುದ್ದ ಕಣಪ್ಪಾ" ಎಂದೆ. "ಅದು ಸರಿ ಸಾರ್, ಆದ್ರೆ ಈಗ ಯಾರೂ ಇದನ್ನೆಲ್ಲ ರಿಪೇರಿ ಮಾಡಿಸಲ್ಲ" ಎಂದು ವಿನಯದಿಂದಲೇ ಹೇಳಿದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅರ್ಧ ಗಂಟೆಯ ಕೂಲಿ, ಹೊಸ ಇಯರ್‌ಫೋನಿನ ಬೆಲೆಯನ್ನು ಮುಟ್ಟುವ ಕಾಲವಿದು. ಆದರೆ ಬೆರಳುದ್ದದ ತಂತಿ ಕಡಿಯಿತೆಂದು ಆರೋಗ್ಯವಾಗಿರುವ ಎರಡು ಧ್ವನಿಪೆಟ್ಟಿಗೆಗಳನ್ನೂ, ಅವುಗಳೊಳಗಿನ ಅಯಸ್ಕಾಂತವನ್ನೂ, ಕೂದಲೆಳೆಯಂತಹ ತಾಮ್ರದ ಸುರುಳಿಯನ್ನೂ ಕಸಕ್ಕೆ ಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಲ್ಲವೆ?

ತಂತಿ ಕಡಿಯುವುದು ಬಹುಮಟ್ಟಿಗೆ ಮೂರೇ ಸ್ಥಾನಗಳಲ್ಲಿ: ಪಿನ್ನಿನ ಬುಡದಲ್ಲಿ, ಒಂದು ತಂತಿ ಎರಡಾಗಿ ಕವಲೊಡೆಯುವಲ್ಲಿ, ಕಿವಿಯ ಬಟ್ಟಲನ್ನು ಸೇರುವಲ್ಲಿ. ಮೂರೂ ಮೆತ್ತನೆಯ ತಂತಿ ಗಡುಸಾದ ವಸ್ತುವನ್ನು ಸಂಧಿಸುವ ಜಾಗಗಳು. ತಾಮ್ರ ಸ್ವಭಾವತಃ ಮೃದು. ಆದರೆ ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದರೆ ಅಲ್ಲಿ ಗಡುಸಾಗಿ, ಆ ಗಡುಸುತನದಿಂದಲೇ ಪೆಡಸಾಗಿ, ಕೊನೆಗೆ ಸೀಳುತ್ತದೆ. ಹೊರಗಣ ರಬ್ಬರು ಅಖಂಡವಾಗಿದ್ದು ಒಳಗೆ ತಾಮ್ರ ಕಡಿದಿರುವುದರಿಂದ ದೋಷ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹುಡುಕುವುದು ಬೆರಳು ಮತ್ತು ಕಿವಿಗಳ ಕೆಲಸ: ಹಾಡನ್ನು ಹಾಕಿಕೊಂಡು, ತಂತಿಯನ್ನು ಒಂದು ತುದಿಯಿಂದ ಇನ್ನೊಂದರವರೆಗೆ ಅಂಗುಲ ಅಂಗುಲವಾಗಿ ಬಾಗಿಸುತ್ತ ಹೋದರೆ, ಎಲ್ಲಿ ಕರಕರ ಸದ್ದು ಬಂದೀತೋ ಅಲ್ಲಿ ವ್ಯಾಧಿ. ಮಲ್ಟಿಮೀಟರ್ ಇದ್ದವರು ಅದರ ಒಂದು ಮೊನೆಯನ್ನು ಪಿನ್ನಿನ ತುದಿಗೂ ಇನ್ನೊಂದನ್ನು ಬುಡಕ್ಕೂ ಮುಟ್ಟಿಸಬಹುದು. 32 ಓಮ್ ಎಂದು ಮುದ್ರಿಸಿರುವ ಹೆಡ್‌ಫೋನಾದರೆ ಅದರ ಆಸುಪಾಸಿನ ಅಂಕಿ ಬರಬೇಕು, ಕಿವಿಯಲ್ಲಿ ಟಿಕ್ ಎಂಬ ಸದ್ದು ಕೇಳಬೇಕು. ಅಂಕಿ ಬಾರದಿದ್ದರೆ ದಾರಿ ಕಡಿದಿದೆಯೆಂದೇ ಅರ್ಥ.

ಕಲಾಯಿಯವನ ಒಲೆ

ನನ್ನ ಬಾಲ್ಯ ಕಳೆದದ್ದು ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ. ವರ್ಷಕ್ಕೊಂದೆರಡು ಬಾರಿ ನಮ್ಮ ಬೀದಿಗೆ ಕಲಾಯಿಯವನು ಬಂದು, ನೆಲದಲ್ಲಿ ಸಣ್ಣ ಗುಳಿ ತೋಡಿ, ತಿದಿ ಹೂಡಿ, ಇದ್ದಿಲ ಕೆಂಡ ಮಾಡಿಕೊಳ್ಳುತ್ತಿದ್ದ. ಮನೆಮನೆಯಿಂದ ತಾಮ್ರ ಹಿತ್ತಾಳೆಗಳ ಪಾತ್ರೆಗಳು ಬಂದು ಸಾಲಾಗಿ ಕೂರುತ್ತಿದ್ದವು. ಆತ ಪಾತ್ರೆಯನ್ನು ಚೆನ್ನಾಗಿ ತಿಕ್ಕಿ, ಕೆಂಡದ ಮೇಲೆ ಕಾಯಿಸಿ, ಚಿಟಿಕೆ ನವಸಾಗರವನ್ನು ಚೆಲ್ಲಿದರೆ ಬಿಳಿಯ ಹೊಗೆ ಭುಗಿಲ್ಲನೆ ಏಳುತ್ತಿತ್ತು. ತವರದ ಕಡ್ಡಿಯನ್ನು ಒಂದಿಷ್ಟು ಮುಟ್ಟಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದರೆ, ಕಪ್ಪಿಟ್ಟಿದ್ದ ಪಾತ್ರೆಯ ಒಡಲು ಬೆಳದಿಂಗಳಂತೆ ಬೆಳಗುತ್ತಿತ್ತು. ಹಿತ್ತಾಳೆ ತಾಮ್ರಗಳ ಪಾತ್ರೆಗಳಿಗೆ ಹಿಂದೆ ಹೆಸರಾಗಿದ್ದ ಶ್ರವಣಬೆಳಗೊಳ ಇರುವುದು ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ ಆದುದರಿಂದ, ಈ ದೃಶ್ಯ ನಮ್ಮ ಸೀಮೆಯ ಹಿರಿಯರಿಗೆಲ್ಲ ಪರಿಚಿತವಾದುದು.

ಮನೆಯಲ್ಲಿ ಹೆಡ್‌ಫೋನಿನ ತಂತಿಗೆ ಮಾಡುವ ಬೆಸುಗೆಯೂ ಇದೇ ವಿದ್ಯೆ, ಅಳತೆ ಮಾತ್ರ ಕಿರಿದು. ತಿದಿಯ ಒಲೆಗೆ ಬದಲಾಗಿ 25 ವ್ಯಾಟಿನ ಸಾಲ್ಡರಿಂಗ್ ಕಡ್ಡಿ. ಶುದ್ಧ ತವರಕ್ಕೆ ಬದಲಾಗಿ ನೂರಕ್ಕೆ 60 ಪಾಲು ತವರವೂ 40 ಪಾಲು ಸೀಸವೂ ಕೂಡಿದ ಬೆಸುಗೆಯ ತಂತಿ. ನವಸಾಗರಕ್ಕೆ ಬದಲಾಗಿ ಮರದ ರಾಳ. ಕಾದ ಲೋಹದ ಮೇಲಿನ ಕಿಲುಬನ್ನು ಕಳೆದು ತವರ ಹಿಡಿಯುವಂತೆ ಮಾಡುವುದೇ ನವಸಾಗರದ ಕೆಲಸ, ರಾಳದ ಕೆಲಸವೂ ಅದೇ. ಆದರೆ ನವಸಾಗರ ತೆಳುವಾದ ತಂತಿಯನ್ನು ಮುಂದೆ ತಿಂದುಹಾಕುವುದರಿಂದ ಇಲ್ಲಿ ಅದನ್ನು ಬಳಸಬಾರದು. ತವರ ಒಂದೇ ಆದರೆ ಕರಗಲು 232 ಡಿಗ್ರಿ ಸೆಲ್ಸಿಯಸ್ ಬೇಕು, ಸೀಸ ಒಂದೇ ಆದರೆ 327 ಡಿಗ್ರಿ ಬೇಕು. ಎರಡನ್ನೂ ತಕ್ಕ ಪ್ರಮಾಣದಲ್ಲಿ ಕೂಡಿಸಿದರೆ 183 ಡಿಗ್ರಿಗೇ ಕರಗಲಾರಂಭಿಸುವುದು ಲೋಹವಿದ್ಯೆಯ ಸೋಜಿಗಗಳಲ್ಲೊಂದು. ಸೀಸ ವಿಷವಾದುದರಿಂದ, ಕೆಲಸದ ವೇಳೆ ಕಿಟಕಿ ತೆರೆದಿರಬೇಕು, ಬಾಯಿಗೆ ಏನನ್ನೂ ಹಾಕಿಕೊಳ್ಳಬಾರದು, ಮುಗಿದ ಮೇಲೆ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು. ಇದರಲ್ಲಿ ಉದಾಸೀನ ಸಲ್ಲದು.

ಪಿನ್ನು ಕಟ್ಟುವ ಕ್ರಮ

ಕಡಿದ ಜಾಗದಿಂದ ಒಂದಂಗುಲ ಮೇಲಕ್ಕೆ, ಆರೋಗ್ಯವಾದ ಭಾಗದಲ್ಲಿ ತಂತಿಯನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಬೇಕು. ಹೊರಗಣ ರಬ್ಬರನ್ನು ಬ್ಲೇಡಿನಿಂದ ಸುತ್ತ ಗೀರಿ ಎಳೆದರೆ ಒಳಗಿನ ಎಳೆಗಳು ಕಾಣುತ್ತವೆ. ಇಲ್ಲಿಯೇ ಹೊಸಬರಿಗೆ ಮೊದಲ ಪರೀಕ್ಷೆ. ಬೆಸುಗೆ ಎಷ್ಟು ಹಚ್ಚಿದರೂ, ಕೆಸುವಿನೆಲೆಯ ಮೇಲಿನ ನೀರಿನಂತೆ ಉಂಡೆಗಟ್ಟಿ ಜಾರುತ್ತದೆ. ಕಾರಣವೇನೆಂದರೆ, ಆ ಕೆಂಪು ಹಸಿರು ಬಣ್ಣಗಳು ತೊಗಟೆಯ ಬಣ್ಣಗಳಲ್ಲ. ಒಂದೊಂದು ತಾಮ್ರದ ಎಳೆಗೂ ಪ್ರತ್ಯೇಕವಾಗಿ ಬಳಿದಿರುವ ಅರಗಿನಂತಹ ಲೇಪ. ಎಳೆಗಳ ನಡುವೆ ಬಲಕ್ಕಾಗಿ ನೈಲಾನಿನ ಇಲ್ಲವೆ ಹತ್ತಿಯ ನೂಲನ್ನೂ ಸೇರಿಸಿರುತ್ತಾರೆ. ನೂಲನ್ನು ಕತ್ತರಿಸಿ ತೆಗೆದು, ಕಡ್ಡಿಯ ಮೊನೆಯಲ್ಲಿ ಕರಗಿದ ಬೆಸುಗೆಯ ಹನಿಯೊಂದನ್ನು ನಿಲ್ಲಿಸಿ, ತಂತಿಯ ತುದಿಯನ್ನು ಆ ಹನಿಯೊಳಗೆ ಕೆಲವು ಕ್ಷಣ ಅದ್ದಿ ಹಿಡಿದರೆ ಲೇಪ ಹೊಗೆಯಾಗಿ ಹೋಗುತ್ತದೆ. ಹೊರತೆಗೆದಾಗ ತುದಿ ಬೆಳ್ಳಗೆ ಮಿನುಗುತ್ತದೆ. ಅದೇ ತಂತಿಯ ಕಲಾಯಿ. ಕಲಾಯಿಯಾಗದ ತಂತಿಯನ್ನು ಎಂದಿಗೂ ಪಿನ್ನಿಗೆ ಹಚ್ಚಬಾರದು.

ಇಪ್ಪತ್ತು ಮೂವತ್ತು ರೂಪಾಯಿಯ ಹೊಸ ಪಿನ್ನಿನ ಮುಚ್ಚಳವನ್ನು ತಿರುಚಿ ತೆಗೆದರೆ ಒಳಗೆ ತಂತಿ ಹಚ್ಚುವ ಮೂರು ಲೋಹದ ಕಿವಿಗಳಿರುತ್ತವೆ. ಬೆಸುಗೆ ಹಚ್ಚುವಾಗ ಪಿನ್ನನ್ನು ಹಳೆಯ ರೇಡಿಯೋ ಒಂದರ ತೂತಿಗೆ ಸಿಕ್ಕಿಸಿಟ್ಟುಕೊಳ್ಳುವುದು ಉತ್ತಮ. ಅಲ್ಲಾಡದೆ ನಿಲ್ಲುವುದು ಒಂದು ಲಾಭ, ಶಾಖಕ್ಕೆ ಒಳಗಣ ಪ್ಲಾಸ್ಟಿಕ್ ಮೆತ್ತಗಾದರೂ ಭಾಗಗಳು ಓರೆಯಾಗದಿರುವುದು ಇನ್ನೊಂದು ಲಾಭ. ಕೆಂಪನ್ನು ನಡುವಣ ಬಳೆಯ ಕಿವಿಗೆ, ಹಸಿರನ್ನು ತುದಿಯ ಕಿವಿಗೆ, ತಾಮ್ರವರ್ಣದ್ದನ್ನು, ಅದು ಎರಡೆಳೆಯಾಗಿದ್ದರೆ ಒಂದಾಗಿ ಹೊಸೆದು, ಬುಡದ ಉದ್ದನೆಯ ಕಿವಿಗೆ. ಮೊದಲು ಲೋಹ ಕಾಯಬೇಕು, ಅನಂತರ ಬೆಸುಗೆ ತಾನಾಗಿ ಹರಿಯಬೇಕು. ಎರಡು ಕ್ಷಣ ಮುಟ್ಟಿಸಿ, ತೆಗೆದು, ಆರುವವರೆಗೆ ಉಸಿರು ಬಿಗಿಹಿಡಿದಂತೆ ನಿಶ್ಚಲವಾಗಿರಬೇಕು. ಚೆನ್ನಾಗಿ ಕೂತ ಬೆಸುಗೆ ನುಣುಪಾಗಿ ಹೊಳೆಯುತ್ತದೆ. ಆರುವಾಗ ಅಲುಗಾಡಿದ್ದು ಮಂಕಾಗಿ ಹರಳುಗಟ್ಟುತ್ತದೆ.

ಮೊದಲನೆಯ ಸಲ ಮೂರು ಬೆಸುಗೆಗಳೂ ಕನ್ನಡಿಯಂತೆ ಬಂದು ನಾನು ಸಂತೋಷಪಡುತ್ತಿರುವಾಗ, ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದ ಮೊಮ್ಮಗಳು, "ತಾತಾ, ಮುಚ್ಚಳ ಆಚೆನೇ ಉಳೀತಲ್ಲಾ!" ಎಂದಳು. ಮುಚ್ಚಳವನ್ನು ತಂತಿಗೆ ಪೋಣಿಸುವುದು ಬೆಸುಗೆಗೆ ಮೊದಲು ಆಗಬೇಕಾದ ಕೆಲಸ. ಆಮೇಲೆ ಅದನ್ನು ಸೇರಿಸಲು ಯಾವ ದಾರಿಯೂ ಇಲ್ಲ. ಮೂರನ್ನೂ ಬಿಚ್ಚಿ ಮತ್ತೆ ಕಟ್ಟಿದೆವು. ಈಗ ನಮ್ಮ ಮನೆಯಲ್ಲಿ ತಂತಿ ಕತ್ತರಿಸಿದೊಡನೆ ಮೊದಲು ಮುಚ್ಚಳ, ಅನಂತರ ಶಾಖಕ್ಕೆ ಬಿಗಿಯುವ ಕೊಳವೆ, ಆಮೇಲೆ ಬೆಸುಗೆ ಎಂಬ ಕ್ರಮವನ್ನು ಅವಳು ಗಟ್ಟಿಯಾಗಿ ಹೇಳುತ್ತಾಳೆ, ನಾನು ಪಾಲಿಸುತ್ತೇನೆ. ಪಿನ್ನಿನ ಬುಡದ ಹಲ್ಲುಗಳನ್ನು ತಂತಿಯ ರಬ್ಬರಿನ ಮೇಲೆ ಮಡಿಸಿ ಬಿಗಿದರೆ, ಎಳೆತದ ಭಾರ ಬೆಸುಗೆಯ ಮೇಲೆ ಬೀಳದೆ ರಬ್ಬರಿನ ಮೇಲೆ ಬೀಳುತ್ತದೆ. ಈ ಬಿಗಿತವೇ ರಿಪೇರಿಯ ಆಯುಸ್ಸು.

ಹುರಿ ಮತ್ತು ಹೆಣಿಗೆ

ಹಳೆಯ ತಂತಿ ಉದ್ದಕ್ಕೂ ಪೆಡಸಾಗಿದ್ದರೆ ಹೊಸದನ್ನೇ ಕಟ್ಟಿಕೊಳ್ಳುವುದು ಲೇಸು. ನಾಲ್ಕು ಮೃದುವಾದ ಸಣ್ಣ ವೈರುಗಳನ್ನು ತೆಗೆದುಕೊಂಡು ಹೆಣೆಯುವುದು ಈಗಿನ ಹವ್ಯಾಸಿಗಳ ಪದ್ಧತಿ: ಎರಡು ಎಡಬಲಗಳಿಗೆ, ಎರಡು ಶ್ರುತಿಯ ತಂತಿಗೆ. ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದ ಕಡೆ ನಾರನ್ನು ಹೊಸೆದು ಹುರಿಯನ್ನೂ, ಹುರಿಗಳನ್ನು ಕೂಡಿಸಿ ಹಗ್ಗವನ್ನೂ ಮಾಡುವುದನ್ನು ಕಂಡವರಿಗೆ ಇದರ ಮರ್ಮ ಹೇಳಿಕೊಡಬೇಕಾಗಿಲ್ಲ. ಎಳೆಗಳನ್ನು ಒಂದು ದಿಕ್ಕಿಗೆ ಹೊಸೆದು, ಹುರಿಗಳನ್ನು ಅದಕ್ಕೆ ವಿರುದ್ಧ ದಿಕ್ಕಿಗೆ ಹೊಸೆಯುವುದರಿಂದಲೇ ಹಗ್ಗ ತಾನಾಗಿ ಬಿಚ್ಚಿಕೊಳ್ಳದೆ ನಿಲ್ಲುತ್ತದೆ. ನಾಲ್ಕೆಳೆಯ ಹೆಣಿಗೆಯಲ್ಲಿಯೂ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ದಾಟುತ್ತಿರುವುದರಿಂದ ಯಾವೊಂದು ಎಳೆಯೂ ಸದಾ ಹೊರಮೈಯಲ್ಲಿದ್ದು ಬಾಗಿನ ಭಾರವನ್ನೆಲ್ಲ ಒಂಟಿಯಾಗಿ ಹೊರುವುದಿಲ್ಲ. ಹೆಣೆದಂತೆ ಉದ್ದ ಕುಗ್ಗುತ್ತದಾಗಿ, ಬೇಕಾದುದಕ್ಕಿಂತ ಕಾಲುಪಾಲು ಹೆಚ್ಚಾಗಿ ಇಟ್ಟುಕೊಳ್ಳುವುದು ಕ್ಷೇಮ. ನಮ್ಮ ಮನೆಯಲ್ಲಿ ಈ ಹೆಣಿಗೆಯನ್ನು ಮಾಡಿದುದು ಮೊಮ್ಮಗಳೇ. ಜಡೆ ಹೆಣೆದು ಪಳಗಿದ ಬೆರಳುಗಳ ಮುಂದೆ ನನ್ನವು ನಿಲ್ಲಲಾರದಾದವು.

ಬೆಳ್ಳಿಯ ತಂತಿ ಹಾಕಿದರೆ ನಾದ ಇನ್ನೂ ಮಧುರವಾದೀತೆಂದು ಹೇಳಿ ಸಾವಿರಾರು ರೂಪಾಯಿಗೆ ಮಾರುವುದುಂಟು. ಬೆಳ್ಳಿ ತಾಮ್ರಕ್ಕಿಂತ ನೂರಕ್ಕೆ ಐದಾರು ಪಾಲಿನಷ್ಟು ಮಾತ್ರ ಉತ್ತಮವಾದ ವಾಹಕ. ಒಂದೂಕಾಲು ಮೀಟರು ತಂತಿಯ ವಿರೋಧವಾದರೋ, 32 ಓಮಿನ ಹೆಡ್‌ಫೋನಿನ ಮುಂದೆ ಅತ್ಯಲ್ಪ. ಶುದ್ಧವಾದ ತಾಮ್ರ, ಶುಚಿಯಾದ ಬೆಸುಗೆ, ಬುಡದಲ್ಲಿ ಬಿಗಿಯಾದ ಹಿಡಿತ, ಇವಿಷ್ಟೇ ನಾದಕ್ಕೆ ಸಾಕು.

ಕೇಳುವವರ ಕೈ

ಈ ಕೆಲಸವನ್ನು ಮನೆಯಲ್ಲಿ ಮಾಡುವುದು ಹೊಸತೇನೂ ಅಲ್ಲ. ಆಧುನಿಕ ಹೆಡ್‌ಫೋನೇ ಹುಟ್ಟಿದ್ದು ಒಂದು ಅಡುಗೆಮನೆಯಲ್ಲಿ: ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ ಎಂಬವರು 1910ರಲ್ಲಿ ತಮ್ಮ ಅಡುಗೆಮನೆಯ ಮೇಜಿನ ಮೇಲೆ ಕಟ್ಟಿದ ಜೋಡಿಯನ್ನು ಅಲ್ಲಿನ ನೌಕಾಪಡೆ ಪರೀಕ್ಷಿಸಿ ಸ್ವೀಕರಿಸಿತು. ನಮ್ಮ ಮೈಸೂರಿನಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ 'ವಿಠ್ಠಲ ವಿಹಾರ'ದಿಂದಲೇ ಬಾನುಲಿಯನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ನಾಡಿಗೆ ದೊರೆತದ್ದು ಆ ಮನೆಯ ಬಾನುಲಿಯಿಂದ. 1920ರಲ್ಲಿ ರುದ್ರಪಟ್ಟಣದಲ್ಲಿ ಜನಿಸಿದ ಆರ್. ಕೆ. ಶ್ರೀಕಂಠನ್ ಅವರು ಮುಂದೆ ದೀರ್ಘಕಾಲ ಸೇವೆ ಸಲ್ಲಿಸಿದ್ದೂ ಆಕಾಶವಾಣಿಯಲ್ಲಿಯೇ. ಹೀಗೆ ನಮ್ಮ ಸೀಮೆಯ ಕಂಠವೂ ಒಬ್ಬ ಗೃಹಸ್ಥರ ಮನೆಯ ಯಂತ್ರವೂ ಒಂದೇ ಧಾರೆಯಲ್ಲಿ ಕೂಡಿಕೊಂಡಿವೆ.

ಇಂದು ಹಾಸನದ ಸಾಲಗಾಮೆ ರಸ್ತೆಯಲ್ಲಿ, 1982ರಿಂದ ಕೆಲಸ ಮಾಡುತ್ತಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರದ ದೊಡ್ಡ ಬಟ್ಟಲುಗಳು ಆಕಾಶದತ್ತ ಮುಖಮಾಡಿ, ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳ ಕ್ಷೀಣವಾದ ನುಡಿಯನ್ನು ಆಲಿಸುತ್ತಿವೆ. ಅಷ್ಟು ದೂರವನ್ನು ಸಂಕೇತಗಳು ಸಲೀಸಾಗಿ ದಾಟಿ ಬರುವ ಊರಿನಲ್ಲಿ, ಕಿವಿಯಿಂದ ಮೊಳದಷ್ಟು ದೂರದಲ್ಲಿ ಹಾಡು ನಿಂತುಹೋದರೆ ಅದನ್ನು ಕೂಡಿಸುವ ಕೈ ಮನೆಮನೆಯಲ್ಲಿಯೂ ಇರಬೇಡವೆ? ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ರಿಪೇರಿಯ ಹಕ್ಕಿಗಾಗಿ ಪ್ರತ್ಯೇಕ ಜಾಲತಾಣವನ್ನೇ ತೆರೆದಿದೆ. ಹಕ್ಕು ಬೇಕಾದದ್ದೇ, ಆದರೆ ಹಕ್ಕನ್ನು ಚಲಾಯಿಸುವ ಬೆರಳುಗಳು ಪಳಗದಿದ್ದರೆ ಅದು ಕಾಗದದಲ್ಲಿಯೇ ಉಳಿದೀತು. ಶಾಲೆಗಳಲ್ಲಿ ಮಕ್ಕಳಿಗೆ ಸೂಜಿದಾರವನ್ನು ಕಲಿಸಿದಂತೆಯೇ, ಹಿರಿಯರ ಕಣ್ಣೆದುರಿನಲ್ಲಿ, ಒಂದು ಪಿನ್ನು ಕಟ್ಟುವುದನ್ನೂ ಕಲಿಸಬೇಕೆಂಬುದು ನನ್ನ ಹೃತ್ಪೂರ್ವಕವಾದ ಪ್ರಾರ್ಥನೆ.

ಹೆಣಿಗೆ ಮುಗಿದ ಮರುದಿನ ಬೆಳಿಗ್ಗೆ ಹೊಸ ತಂತಿಯ ಹೆಡ್‌ಫೋನನ್ನು ಫೋನಿಗೆ ಸಿಕ್ಕಿಸಿ, ಅದರಲ್ಲಿರುವ ಎಫ್‌ಎಂ ರೇಡಿಯೋವನ್ನು ಹಾಕಿದೆ. ಫೋನಿನಲ್ಲಿ ಇಂತಹ ರೇಡಿಯೋಕ್ಕೆ ಬೇರೆ ಏರಿಯಲ್ ಇರುವುದಿಲ್ಲ. ಹೆಡ್‌ಫೋನಿನ ತಂತಿಯೇ, ಅದರಲ್ಲಿಯೂ ಸಾಮಾನ್ಯವಾಗಿ ಆ ಮೂರನೆಯ ತಂತಿಯೇ, ಗಾಳಿಯಲ್ಲಿ ಬರುವ ಅಲೆಗಳನ್ನು ಹಿಡಿಯುತ್ತದೆ. ಹಾಸನ ಆಕಾಶವಾಣಿಯ 102.2 ಮೆಗಾಹರ್ಟ್ಸಿನ ಒಂದು ಅಲೆ ಹೆಚ್ಚುಕಡಮೆ ಮೂರು ಮೀಟರು ಉದ್ದ. ಅದರ ಕಾಲುಭಾಗ ಮುಕ್ಕಾಲು ಮೀಟರಿಗೆ ಸ್ವಲ್ಪ ಕಡಮೆ. ನಮ್ಮ ತಂತಿ ಅದಕ್ಕಿಂತ ಉದ್ದವಾಗಿಯೇ ಇತ್ತು. ಮೊಮ್ಮಗಳು ಒಂದು ಬಟ್ಟಲನ್ನು ತನ್ನ ಕಿವಿಗೆ ಒತ್ತಿಕೊಂಡಳು, ಇನ್ನೊಂದನ್ನು ನಾನು ಹಿಡಿದೆ. ಮಳೆ ನಿಂತಿರಲಿಲ್ಲ. ಮೊದಲು ತಂಬೂರಿಯ ಶ್ರುತಿ ಬಂತು. ಅದರ ಹಿಂದೆಯೇ, ಎಡಬಲಗಳೆರಡರ ನಡುವೆ, ತಮ್ಮ ಸ್ಥಾನದಲ್ಲಿ ಭದ್ರವಾಗಿ ಕುಳಿತವರಂತೆ, ಯಾರೋ ಹಾಡಲು ತೊಡಗಿದರು. ನಾನು ಪಿನ್ನಿನ ಬುಡದಿಂದ ಬೆರಳನ್ನು ಮೆಲ್ಲಗೆ ತೆಗೆದೆ. ಹಾಡು ಮುಂದುವರಿಯಿತು.